ಓಟಿಗೆ ಮೊದಲು ವಾರ್ಡ್ ಹುಡುಕಿ

2019ರ ನವೆಂಬರ್‌ನಲ್ಲಿ ದಾವಣಗೆರೆ ಪಾಲಿಕೆ ಚುನಾವಣೆಯ ದಿನ, ನಮ್ಮ ಪಕ್ಕದ ಮನೆಯ ಅಜ್ಜಿ ಮತಗಟ್ಟೆಯಿಂದ ವಾಪಸ್ ಬಂದರು. ‘ಏಪ್ರಿಲ್‌ನಾಗೆ ಎಂಪಿ ಎಲೆಕ್ಷನ್‌ಗೆ ಇದೇ ಸಾಲ್ಯಾಗೆ ಹಾಕಿದ್ದೆನಲ್ಲಪ್ಪಾ, ಈಗ ಹೆಸರೇ ಇಲ್ಲಂತೆ!’ ಹೆಸರಿತ್ತು, ಬೇರೆ ವಾರ್ಡಿನ ಪಟ್ಟಿಯಲ್ಲಿ. ಹಿಂಗೆ ಬರಿಗೈಲಿ ತಿರುಗಿ ಬಂದವರನ್ನು ತುಂಬಾ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮೂರಿನದು ಪಾಲಿಕೆಯೋ ನಗರಸಭೆಯೋ ಅಂತ ತಿಳಿದುಕೊಳ್ಳಿ. ದಾವಣಗೆರೆ 2007ರಿಂದ ಮಹಾನಗರ ಪಾಲಿಕೆ. 45 ವಾರ್ಡ್, ವಾರ್ಡಿಗೊಬ್ಬ ಸದಸ್ಯ, ಐದು ವರ್ಷ. ಪಕ್ಕದ ಹರಿಹರದಲ್ಲಿ ನಗರಸಭೆ. ಅಲ್ಲಿ ಮೇಯರ್ ಇಲ್ಲ, ಅಧ್ಯಕ್ಷರು.

ಎರಡನೆಯದು ವಾರ್ಡ್ ಹುಡುಕುವುದು. ಎಡವಟ್ಟಾಗುವುದು ಇಲ್ಲೇ. ವೋಟರ್ ಕಾರ್ಡ್ ತಿರುಗಿಸಿ ಮುರುಗಿಸಿ ನೋಡಿದರೂ ವಾರ್ಡ್ ನಂಬರ್ ಸಿಗುವುದಿಲ್ಲ. ಅದರಲ್ಲಿರುವುದು ವಿಧಾನಸಭಾ ಕ್ಷೇತ್ರ, ಅಂದರೆ ನಮ್ಮಲ್ಲಿ ಉತ್ತರ ಅಥವಾ ದಕ್ಷಿಣ. ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ವಿಧಾನಸಭೆಯ ಮತದಾರರ ಪಟ್ಟಿಯನ್ನೇ ಬಿಡಿಸಿ ವಾರ್ಡ್‌ವಾರು ಜೋಡಿಸುತ್ತಾರೆ. ಭಾಗದ ನಂಬರ್, ಕ್ರಮಸಂಖ್ಯೆ ಎಲ್ಲಾ ಬದಲಾಗುತ್ತದೆ. ವಾರ್ಡಿನ ಗಡಿ ರಸ್ತೆಯ ನಡುವೆ ಹೋದರೆ ಎದುರುಬದುರು ಮನೆಯವರಿಗೂ ಬೇರೆ ಬೇರೆ ಮತಗಟ್ಟೆ.

ಕರಡು ಪಟ್ಟಿ ಹೊರಬಿದ್ದ ವಾರದಲ್ಲೇ ನೋಡಿ, ಆಕ್ಷೇಪಣೆಗೆ ಅವಕಾಶ ಇರುವುದು ಆಗಲೇ. ಹೆಸರು ಹಿಡಿದು ಹುಡುಕಬೇಡಿ. ‘ಮಂಜುನಾಥ’ ಒಂದು ಕಡೆ ‘ಮಂಜುನಾಥ್’, ಇನ್ನೊಂದು ಕಡೆ ‘ಮಂಜಪ್ಪ’ ಆಗಿರುತ್ತಾನೆ. ಮನೆ ನಂಬರ್ ಹಿಡಿಯಿರಿ, ಆಮೇಲೆ ತಂದೆ ಅಥವಾ ಗಂಡನ ಹೆಸರು, ಕೊನೆಗೆ ಕಾರ್ಡಿನ ನಂಬರ್. ಪಟ್ಟಿಯ ಕೊನೆಯಲ್ಲಿ ಸೇರ್ಪಡೆ, ತೆಗೆದುಹಾಕಿದ ಹೆಸರುಗಳ ಹಾಳೆ ಇರುತ್ತದೆ. ಅದನ್ನು ಬಹಳ ಮಂದಿ ನೋಡುವುದೇ ಇಲ್ಲ. ಮನೆಯವರೆಲ್ಲರ ಹೆಸರೂ ನೋಡಿ. ಅಪ್ಪ ಒಂದು ವಾರ್ಡ್, ಮಗ ಇನ್ನೊಂದು ವಾರ್ಡ್ ಆಗಿದ್ದನ್ನು ಕಂಡಿದ್ದೇನೆ. ವಾಟ್ಸಾಪಿನಲ್ಲಿ ಬರುವ ಪಿಡಿಎಫ್ ಮಾತ್ರ ನಂಬಬೇಡಿ, ಅರ್ಧಕ್ಕರ್ಧ ಹಳೇವು.

ಹೆಸರಿಲ್ಲದಿದ್ದರೆ ನಮೂನೆ 6, ಮನೆ ಬದಲಾಗಿದ್ದರೆ ಅಥವಾ ತಪ್ಪಿದ್ದರೆ ನಮೂನೆ 8. ಎರಡೂ ಪುಕ್ಕಟೆ. ‘ನಾನು ಮಾಡಿಸಿಕೊಡ್ತೀನಿ, ಇನ್ನೂರು ಕೊಡ್ರಿ’ ಅನ್ನುವವರಿಗೆ ಕೊಡುವ ದುಡ್ಡಲ್ಲಿ ಮನೆ ಮಂದಿಯೆಲ್ಲಾ ಮಂಡಕ್ಕಿ, ಮೆಣಸಿನಕಾಯಿ ತಿನ್ನಬಹುದು.

ಓಟು ಹಾಕುವುದು ಸುಲಭ. ನಿಲ್ಲುವ ಆಸೆ ಇದ್ದರೆ 21 ವರ್ಷ ತುಂಬಿರಬೇಕು, ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಮೀಸಲಾತಿ ಪಟ್ಟಿ ಬರುವ ತನಕ ಬ್ಯಾನರ್ ಹೊಡೆಸಬೇಡಿ. ಅರ್ಧ ವಾರ್ಡ್ ಮಹಿಳೆಯರಿಗೆ. ಹೋದ ಸಲ ಸಾಮಾನ್ಯ ಆಗಿದ್ದು ಈ ಸಲ ಬದಲಾಗಬಹುದು.

ಇನ್ನು ಮೇಯರ್. ಅವರಿಗೆ ನೀವು ಓಟು ಹಾಕುವುದಿಲ್ಲ. ಸದಸ್ಯರು ಕೈ ಎತ್ತಿ ಆರಿಸುತ್ತಾರೆ, ಒಂದು ವರ್ಷಕ್ಕೆ. ಆ ಹುದ್ದೆಗೂ ಮೀಸಲಾತಿ ಇದೆ. ಊರಿನ ಸಂಸದರು, ಶಾಸಕರು, ಇಲ್ಲಿ ಮತದಾರರಾಗಿರುವ ವಿಧಾನ ಪರಿಷತ್ ಸದಸ್ಯರೂ ಕೈ ಎತ್ತಬಹುದು. ಸರ್ಕಾರ ನಾಮನಿರ್ದೇಶನ ಮಾಡಿದ ಸದಸ್ಯರಿಗೆ ಮಾತ್ರ ಓಟಿಲ್ಲ. 2019ರಲ್ಲಿ ಕಾಂಗ್ರೆಸ್ 22, ಬಿಜೆಪಿ 17 ಗೆದ್ದಿದ್ದವು. 2020ರಲ್ಲಿ ಮೇಯರ್ ಆದವರು ಬಿಜೆಪಿಯವರು! ಲೆಕ್ಕ ಹಾಕುವಾಗ ಬರೀ 45 ಹಿಡಿದರೆ ತಪ್ಪುತ್ತದೆ ಅಲ್ವಾ?

ತೆರಿಗೆ, ಆರೋಗ್ಯ, ನಗರ ಯೋಜನೆ, ಲೆಕ್ಕಪತ್ರ ಅಂತ ನಾಲ್ಕು ಸ್ಥಾಯಿ ಸಮಿತಿಗಳಿವೆ. ಆದರೆ ಕಡತಕ್ಕೆ ಸಹಿ ಹಾಕಿ ಕೆಲಸ ಮಾಡಿಸುವವರು ಆಯುಕ್ತರು, ಅವರನ್ನು ಸರ್ಕಾರ ನೇಮಿಸುತ್ತದೆ. ಚರಂಡಿ ಕಟ್ಟಿಕೊಂಡರೆ ಸದಸ್ಯರಿಗೆ ಫೋನ್ ಮಾಡಿ, ಆದರೆ ಅರ್ಜಿ ಆಯುಕ್ತರ ಹೆಸರಿಗೇ ಇರಲಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು ಹಾಕಿಸಿಕೊಂಡೇ ಬನ್ನಿ.