‘ಮಂಡ್ಯ’ ಹುಡುಕಿದರೆ ‘ಮಾಡಿಯೇ’ ಸಿಗುತ್ತಿತ್ತು: ಮೂರು ಎಐ ಸಹಾಯಕರಿಗೆ ಒಂದೇ ನೆನಪು

ಮಂಡ್ಯ ಕಡೆಯ ಆಲೆಮನೆಗಳಿಗೆ ಕಬ್ಬಿನ ತೂಕ, ಮುಂಗಡ, ಬಟವಾಡೆ ಲೆಕ್ಕ ಇಡುವ ತಂತ್ರಾಂಶದ ಮೇಲೆ ಮೈಸೂರಿನಲ್ಲಿ ಕೂತು ಮೂರು ಜನ ಕೆಲಸ ಮಾಡುತ್ತೇವೆ. ಕೋಡ್ ಬರೆಯಲು ಒಬ್ಬೊಬ್ಬರಿಗೂ ಒಂದೊಂದು ಎಐ ಸಹಾಯಕ: ಒಬ್ಬರದು ಕ್ಲಾಡ್ ಕೋಡ್, ಒಬ್ಬರದು ಕೋಡೆಕ್ಸ್, ನನ್ನದು ಕರ್ಸರ್. ಒಂದಕ್ಕೆ ಕಲಿಸಿದ್ದು ಇನ್ನೊಂದಕ್ಕೆ ಗೊತ್ತಾಗದು. ಅದಕ್ಕೆ ಮಾಡಿಕೊಂಡ ಏರ್ಪಾಡು ಇದು.

ನಿಯಮವನ್ನೂ ನೆನಪನ್ನೂ ಒಂದೇ ಫೈಲಿಗೆ ತುಂಬಬೇಡಿ. ‘ತೂಕ ಕೆಜಿಯಲ್ಲೇ, ಪೂರ್ಣಾಂಕವಾಗಿ, ಟನ್ ಅಂತ ತೋರಿಸುವಾಗ ಮಾತ್ರ ಭಾಗಿಸಿ’ ಅನ್ನುವುದು ನಿಯಮ, ಪ್ರತಿ ಸಲ ಓದಲೇಬೇಕು. ‘ಮಂಡ್ಯದಿಂದ ಬರುವ ಹಳೇ ಎಕ್ಸೆಲ್ ಹಾಳೆಯಲ್ಲಿ ದಿನಾಂಕ ಪಠ್ಯವಾಗಿರುತ್ತದೆ’ ಅನ್ನುವುದು ನೆನಪು, ಬೇಕಾದಾಗ ಹುಡುಕಿದರೆ ಸಾಕು. ನಿಯಮಗಳು ರೆಪೊದ (ಕೋಡೆಲ್ಲ ಇರುವ, ಗಿಟ್ ಮೂಲಕ ಮೂವರೂ ಹಂಚಿಕೊಳ್ಳುವ ಫೋಲ್ಡರ್) ಮೇಲಿನ ಹಂತದಲ್ಲೇ ಇರುವ ಏಜೆಂಟ್ಸ್.ಎಂಡಿ ಫೈಲಿನಲ್ಲಿವೆ. ಕೋಡೆಕ್ಸ್, ಕರ್ಸರ್ ಅದನ್ನು ತಾವಾಗಿಯೇ ಓದುತ್ತವೆ. ಕ್ಲಾಡ್ ಕೋಡ್ ನೋಡುವುದು ಕ್ಲಾಡ್.ಎಂಡಿ, ಅದರೊಳಗೆ ‘@’ ಚಿಹ್ನೆ ಹಾಕಿ ಏಜೆಂಟ್ಸ್ ಫೈಲಿನ ಹೆಸರು ಬರೆದರೆ ಎಳೆದುಕೊಳ್ಳುತ್ತದೆ. ಒಂದು ಫೈಲಿನಿಂದ ಇನ್ನೊಂದಕ್ಕೆ ಬೆರಳು ತೋರಿಸುವ ಸಿಮ್‌ಲಿಂಕ್ ಬೇಡ. ವಿಂಡೋಸಿನಲ್ಲಿ ಗಿಟ್‌ನ ಸಿಮ್‌ಲಿಂಕ್ ಸೆಟ್ಟಿಂಗ್ ಆಫ್ ಇದ್ದರೆ ಫೈಲಿನ ವಿಳಾಸವಷ್ಟೇ ಇರುವ ಒಂದು ಸಾಲಿನ ಪಠ್ಯ ಕೈಗೆ ಬರುತ್ತದೆ, ಸಹಾಯಕ ಅದನ್ನೇ ನಿಯಮ ಅಂದುಕೊಳ್ಳುತ್ತದೆ. ನಿಯಮದ ಫೈಲಿಗೆ ನಾವು ಹಾಕಿಕೊಂಡ ಮಿತಿ 150 ಸಾಲು.

ನೆನಪುಗಳಿಗೆ ರೆಪೊದಲ್ಲೇ ಒಂದು ಫೋಲ್ಡರ್. ಒಂದು ನೆನಪಿಗೆ ಒಂದು ಮಾರ್ಕ್‌ಡೌನ್ ಫೈಲ್, ಹೆಸರಿನ ಮೊದಲಿಗೆ ದಿನಾಂಕ. ಹಾಗಾಗಿ ಇಬ್ಬರು ಒಂದೇ ದಿನ ಬರೆದರೂ ಗಿಟ್‌ನಲ್ಲಿ ಜಟಾಪಟಿ ಇಲ್ಲ. ಒಳಗೆ ನಾಲ್ಕೇ ತಲೆಸಾಲು: ಯಾರು ಬರೆದದ್ದು, ಯಾವ ಫೈಲಿಗೆ ಸಂಬಂಧಿಸಿದ್ದು, ಆಗಿನ ಕಮಿಟ್ (ಗಿಟ್‌ನಲ್ಲಿ ಉಳಿಸಿದ ಕೋಡಿನ ಆವೃತ್ತಿ) ಯಾವುದು, ಇದನ್ನು ರದ್ದು ಮಾಡಿದ ನೆನಪು ಯಾವುದು. ಕಮಿಟ್ ಇಲ್ಲದ ನೆನಪನ್ನು ನಂಬಬೇಡಿ. ಕೋಡ್ ಬದಲಾಗಿ ಆರು ತಿಂಗಳಾದರೂ ಅದು ಇವತ್ತಿನ ಸತ್ಯದ ಹಾಗೆ ಮಾತಾಡುತ್ತದೆ.

ಈ ಫೋಲ್ಡರನ್ನು ಹುಡುಕಿಕೊಡಲು ಒಂದು ಪುಟ್ಟ ಎಂಸಿಪಿ ಸರ್ವರ್. ಎಂಸಿಪಿ ಅಂದರೆ ಎಐ ಸಹಾಯಕರು ಹೊರಗಿನ ಟೂಲುಗಳ ಜೊತೆ ಮಾತಾಡುವ ಒಪ್ಪಿತ ವಿಧಾನ. ಪೂರ್ತಿ ಹೆಸರು ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್, ಅದನ್ನು ಕ್ಲಾಡ್ ಮಾಡಿದ ಆಂಥ್ರೊಪಿಕ್ 2024ರ ನವೆಂಬರಿನಲ್ಲಿ ಹೊರಬಿಟ್ಟಿತು. ಈಗ ನಮ್ಮ ಮೂರೂ ಸಹಾಯಕರಿಗೆ ಅದು ಗೊತ್ತು. ಟೂಲ್ ಎರಡೇ: ಬರೆ, ಹುಡುಕು. ಟೂಲಿನ ಹೆಸರು ರೋಮನ್ ಅಕ್ಷರದಲ್ಲಿರಲಿ, ವಿವರಣೆ ಕನ್ನಡದಲ್ಲಿದ್ದರೂ ನಡೆಯುತ್ತದೆ. ಹುಡುಕುವ ಸೂಚಿ ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸಿನ ಪಠ್ಯ ಹುಡುಕುವ ಭಾಗ, ಎಫ್‌ಟಿಎಸ್5. ಈ ಡೇಟಾಬೇಸ್ ಗಿಟ್‌ಗೆ ಹೋಗುವುದಿಲ್ಲ; ಸರ್ವರ್ ಶುರುವಾದಾಗ ಬದಲಾದ ಫೈಲುಗಳನ್ನು ನೋಡಿ ಸೇರಿಸಿಕೊಳ್ಳುತ್ತದೆ, ಕೆಟ್ಟರೆ ಅಳಿಸಿ ಹೊಸದು ಕಟ್ಟಿದರಾಯಿತು.

ಕನ್ನಡದವರಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲೇ. ಎಫ್‌ಟಿಎಸ್5 ಸುಮ್ಮನೆ ಬಳಸಿದರೆ ಯೂನಿಕೋಡ್61 ಅನ್ನುವ ಟೋಕನೈಸರ್ (ಪಠ್ಯವನ್ನು ಪದಗಳಾಗಿ ಕತ್ತರಿಸುವ ಭಾಗ) ಬರುತ್ತದೆ. ಅದು ಅಕ್ಷರ, ಅಂಕಿಗಳನ್ನು ಪದದ ಭಾಗ ಅನ್ನುತ್ತದೆ. ನಮ್ಮ ಕಾಗುಣಿತದ ಗುರುತು, ಸೊನ್ನೆ, ಒತ್ತಕ್ಷರದ ಹಲಂತ ಯೂನಿಕೋಡಿನಲ್ಲಿ ‘ಮಾರ್ಕ್’ ವರ್ಗದವು, ಅವು ಬಂದಲ್ಲೆಲ್ಲ ಪದ ಕತ್ತರಿಸುತ್ತದೆ. ‘ಮಂಡ್ಯ’ ಅನ್ನುವುದು ಮ, ಡ, ಯ ಆಗುತ್ತದೆ. ‘ಮಾಡಿಯೇ’ ಕೂಡ ಮ, ಡ, ಯ! ಮಂಡ್ಯ ಕೇಳಿದರೆ ‘ಇದನ್ನು ಪರೀಕ್ಷೆ ಮಾಡಿಯೇ ಕಮಿಟ್ ಮಾಡಿ’ ಅನ್ನುವ ಸಾಲು ಬಂದು ನಿಲ್ಲುತ್ತದೆ. ದೋಷವಿದೆ ಅನ್ನುವ ಸಂದೇಶವೇನೂ ಬರುವುದಿಲ್ಲವಾದ್ದರಿಂದ ಸಹಾಯಕನಿಗೇ ತಲೆ ಕೆಟ್ಟಿದೆ ಅನ್ನಿಸುತ್ತದೆ.

ಪರಿಹಾರ: ಟೇಬಲ್ ಮಾಡುವಾಗಲೇ ಟೋಕನೈಸರಿನ ‘ಕ್ಯಾಟಗರೀಸ್’ ಆಯ್ಕೆಯಲ್ಲಿ ಮೂಲದ ವರ್ಗಗಳ ಜೊತೆಗೆ ‘ಮಾರ್ಕ್’ನ ಒಳವರ್ಗಗಳಾದ ಎಂಎನ್, ಎಂಸಿ ಎರಡನ್ನೂ ಸೇರಿಸಿ. ಇದ್ದ ಟೇಬಲಿಗೆ ಆಮೇಲೆ ಸೇರಿಸಲಾಗದು, ಹೊಸದಾಗಿ ಮಾಡಬೇಕು. ಇಷ್ಟಾದರೂ ವಿಭಕ್ತಿ ಕಾಡುತ್ತದೆ: ‘ತೂಕ’ ಕೇಳಿದರೆ ‘ತೂಕದ’ ಸಿಗದು. ಪದದ ಕೊನೆಗೆ ನಕ್ಷತ್ರ (*) ಹಾಕಿದರೆ, ಅಂದರೆ ‘ಹೀಗೆ ಶುರುವಾಗುವುದೆಲ್ಲ’ ಅಂದರೆ, ಸಿಗುತ್ತದೆ. ಆದರೆ ‘ಕಬ್ಬು’ಗೆ ನಕ್ಷತ್ರ ಹಾಕಿದರೂ ‘ಕಬ್ಬಿನ’ ಬರುವುದಿಲ್ಲ, ಕೊನೆಯ ಸ್ವರವೇ ಬೇರೆ. ಅದಕ್ಕೇ ನಮ್ಮ ಸರ್ವರ್ ಕೊನೆಯ ಸ್ವರಚಿಹ್ನೆ ಕಿತ್ತು ‘ಕಬ್ಬ’ ಮಾಡಿ ನಕ್ಷತ್ರ ಸೇರಿಸುತ್ತದೆ. ಮೂರು ಮೂರು ಅಕ್ಷರವಾಗಿ ಕತ್ತರಿಸುವ ಟ್ರೈಗ್ರಾಂ ಟೋಕನೈಸರ್ ಕೂಡ ಇದೆ, ಆದರೆ ಅದಕ್ಕೆ ಕನಿಷ್ಠ ಮೂರು ಯೂನಿಕೋಡ್ ಅಕ್ಷರ ಬೇಕು. ‘ದರ’ ಎರಡೇ. ಬೆಲ್ಲದ ಲೆಕ್ಕದಲ್ಲಿ ದರ ಸಿಗದಿದ್ದರೆ ಏನು ಪ್ರಯೋಜನ?

ಉಳಿದ ತೊಂದರೆಗಳು ಸಣ್ಣವು, ಆದರೆ ಗಂಟೆಗಟ್ಟಲೆ ತಿನ್ನುತ್ತವೆ. ಸ್ಟ್ಯಾಂಡರ್ಡ್ ಔಟ್‌ಪುಟ್ ಮೂಲಕ ಮಾತಾಡುವ ಸರ್ವರಿನಲ್ಲಿ ಒಂದೇ ಒಂದು ಪ್ರಿಂಟ್ ಸಾಲು ಉಳಿದರೂ ಜೇಸನ್ ರೂಪದಲ್ಲಿ ಹೋಗುವ ಸಂದೇಶ ಕೆಡುತ್ತದೆ. ಲಾಗೆಲ್ಲ ಸ್ಟ್ಯಾಂಡರ್ಡ್ ಎರರ್‌ಗೆ ಹೋಗಲಿ. ಡೇಟಾಬೇಸಿನ ದಾರಿ ಪೂರ್ತಿ ಕೊಡಿ. ಅರ್ಧ ದಾರಿ ಕೊಟ್ಟರೆ ಸರ್ವರ್ ಯಾವ ಫೋಲ್ಡರಿನಿಂದ ಶುರುವಾಯಿತೋ ಅಲ್ಲೊಂದು ಖಾಲಿ ಡೇಟಾಬೇಸ್ ಹುಟ್ಟುತ್ತದೆ, ನೆನಪು ಹಂಚಿಕೆಯಾಗುತ್ತಿಲ್ಲ ಅಂತ ಕಾಣುತ್ತದೆ. ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಸಹಾಯಕರನ್ನು ತೆರೆದರೆ ಸರ್ವರ್‌ಗಳೂ ಎರಡು ಓಡುತ್ತವೆ, ಆಗ ‘ಡೇಟಾಬೇಸ್ ಲಾಕ್ ಆಗಿದೆ’ ಅನ್ನುವ ದೂರು. ಎಸ್‌ಕ್ಯೂಲೈಟ್‌ನ ವಾಲ್ ಮೋಡ್ (ಒಬ್ಬರು ಬರೆಯುವಾಗಲೂ ಇನ್ನೊಬ್ಬರು ಓದಬಹುದಾದ ವಿಧಾನ) ಹಾಕಿ, ಲಾಕ್ ಬಿಡುವವರೆಗೆ ಕಾಯುವ ‘ಬ್ಯುಸಿ ಟೈಮ್‌ಔಟ್’ 5000 ಮಿಲಿಸೆಕೆಂಡ್ ಕೊಡಿ. ವಾಲ್ ಇದ್ದ ಮೇಲೆ ಆ ಫೈಲನ್ನು ನೆಟ್‌ವರ್ಕ್ ಡ್ರೈವಿನಲ್ಲಿ ಇಡುವ ಹಾಗಿಲ್ಲ.

ಬರೆಯುವ ಅಧಿಕಾರವನ್ನು ಸಹಾಯಕರಿಗೆ ಪೂರ್ತಿ ಬಿಟ್ಟಿಲ್ಲ. ಅವು ಬರೆದದ್ದೆಲ್ಲ ಕರಡು ಫೋಲ್ಡರಿಗೆ ಬೀಳುತ್ತದೆ. ಸೂಚಿ ಅದನ್ನು ಮುಟ್ಟುವುದಿಲ್ಲ. ಪುಲ್ ರಿಕ್ವೆಸ್ಟಿನಲ್ಲಿ (ಬದಲಾವಣೆ ಸೇರಿಸುವ ಮುನ್ನ ಪರಿಶೀಲನೆಗೆ ಇಡುವುದು) ನಮ್ಮಲ್ಲೊಬ್ಬರು ಓದಿ ನೆನಪಿನ ಫೋಲ್ಡರಿಗೆ ಸಾಗಿಸಬೇಕು. ಯಾವುದೋ ಕೋಡ್ ಲೈಬ್ರರಿಯ ರೀಡ್‌ಮಿ (ಪರಿಚಯದ) ಫೈಲಿನಿಂದ ಒಂದು ಸಹಾಯಕ ಎತ್ತಿಕೊಂಡ ವಾಕ್ಯವನ್ನು ಮಿಕ್ಕೆರಡು ಆಜ್ಞೆಯೆಂದು ಪಾಲಿಸಬಾರದಲ್ಲ. ಕರಡಿನಲ್ಲಿ ಪಾಸ್‌ವರ್ಡ್, ಎಪಿಐ ಕೀ, ಹತ್ತಂಕಿಯ ಮೊಬೈಲ್ ನಂಬರ್ ಕಂಡರೆ ಸರ್ವರ್ ಬರೆಯುವುದನ್ನೇ ನಿರಾಕರಿಸುತ್ತದೆ. ರೈತರ ಮೊಬೈಲ್ ನಂಬರು ಪರೀಕ್ಷಾ ಡೇಟಾದಿಂದ ನುಸುಳುವುದೇ ಹೆಚ್ಚು, ಅದಕ್ಕೇ ಆ ಮೂರನೆಯದು.