ಪೈಂಟ್ ಬಕೆಟ್ ಹಿಡಿದು ಸೇಂಟ್ ಮೇರೀಸ್ ದ್ವೀಪದ ಹೊಂಡಗಳ ಫೋಟೋ ತೆಗೆದದ್ದು

ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳ ಫೋಟೋ ಯಾರ ಹತ್ತಿರ ಇಲ್ಲ ಹೇಳಿ? ಮಲ್ಪೆಯಿಂದ ದೋಣಿ ಹತ್ತಿದವರೆಲ್ಲ ಅದನ್ನೇ ತೆಗೆದುಕೊಂಡು ಬರುತ್ತಾರೆ. ನನ್ನ ಕಣ್ಣಿದ್ದದ್ದು ಕಂಬಗಳು ಮುರಿದು ತಗ್ಗಾದ ಕಡೆ ಇಳಿತದ ಹೊತ್ತಿಗೆ ನಿಂತುಕೊಳ್ಳುವ ಹೊಂಡಗಳ ಮೇಲೆ. ಮೊಣಕಾಲುದ್ದದ ನೀರು, ತಳದಲ್ಲಿ ಐದು ಮೂಲೆ, ಆರು ಮೂಲೆಯ ಕಲ್ಲುಗಳ ಹಾಸು, ಆ ಕಲ್ಲುಗಳ ಸಂದಿಯಲ್ಲೇ ಸಂಸಾರ ಹೂಡಿರುವ ಜೀವಿಗಳು. ಇದನ್ನು ಮೇಲಿನಿಂದ ಸ್ವಚ್ಛವಾಗಿ ತೆಗೆಯಬೇಕು ಅನ್ನುವ ಹುಚ್ಚು ನನಗೆ ಬಹಳ ವರ್ಷದಿಂದ ಇತ್ತು.

ತೆಗೆದು ನೋಡಿದವರಿಗೆ ಗೊತ್ತು, ಗಾಳಿ ಒಂದು ಚೂರು ಬೀಸಿದರೆ ಮುಗೀತು. ನೀರಿನ ಮೇಲೆ ಅಲೆಗೆರೆ, ಅದರ ಮೇಲೆ ಆಕಾಶದ ಬಿಳುಪು. ಸಿಪಿಎಲ್ (ಹೊಳಪು ತಗ್ಗಿಸುವ ಪೋಲರೈಸಿಂಗ್ ಫಿಲ್ಟರ್) ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಓರೆಯಾಗಿ ನೋಡುವಾಗ ಅದು ಸರಿ. ನೇರ ಮೇಲಿನಿಂದ ಬಗ್ಗಿ ತೆಗೆಯುವಾಗ ಸಿಪಿಎಲ್ ಏನೂ ಮಾಡುವುದಿಲ್ಲ, ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು ತಿಂದದ್ದೇ ಬಂತು. ಕ್ಯಾಮೆರಾವನ್ನು ನೀರೊಳಗೆ ಇಳಿಸುವ ಪೆಟ್ಟಿಗೆ, ಹೌಸಿಂಗ್, ತರೋಣ ಅಂದರೆ ಕ್ಯಾಮೆರಾದಷ್ಟೇ ದುಡ್ಡು. ನನ್ನ ಗೆಳೆಯರೊಬ್ಬರು ಎಂಬತ್ತು ಸಾವಿರದ ಹತ್ತಿರ ಕೊಟ್ಟು ತಂದರು. ನೀರು ತಡೆಯುವ ರಬ್ಬರ್ ಬಳೆಯಡಿ (ಓ-ರಿಂಗ್) ಮರಳಿನ ಕಣ ಸಿಕ್ಕಿ ಉಪ್ಪುನೀರು ಒಳಗೆ ಹೋಯಿತು. ಬಾಡಿ, ಲೆನ್ಸ್ ಎರಡೂ ಹೋದವು.

ನಾನು ಖಾಲಿ ಪೈಂಟ್ ಬಕೆಟ್ಟಿನ ತಳ ಕತ್ತರಿಸಿ ಪಾರದರ್ಶಕ ಹಾಳೆ ಕೂರಿಸುತ್ತೇನೆ, ಅದನ್ನು ನೀರಿಗೆ ಇಳಿಸಿ ಒಳಗಿನಿಂದ ಫೋಟೋ ತೆಗೆಯುತ್ತೇನೆ ಅಂದಾಗ ನಮ್ಮ ಫೋಟೋ ಗುಂಪಿನಲ್ಲಿ ನಗೆಯೋ ನಗೆ. "ದ್ವೀಪಕ್ಕೆ ಸ್ನಾನಕ್ಕೆ ಹೊರಟಿರಾ?" ಅಂದರು ಒಬ್ಬರು. ಇರಲಿ.

ಮೊದಲು ತಂದದ್ದು ಇಪ್ಪತ್ತು ಲೀಟರಿನ ಬಕೆಟ್, ಗುಜರಿಯಲ್ಲಿ ಎಪ್ಪತ್ತೋ ಎಂಬತ್ತೋ ರೂಪಾಯಿ. ಅಕ್ರಿಲಿಕ್ ಹಾಳೆ, ಸಿಲಿಕಾನ್ ಅಂಟಿನ ಟ್ಯೂಬ್ ಎಲ್ಲ ಸೇರಿ ಆರುನೂರು ಚಿಲ್ಲರೆ. ಒಳಗಡೆಯಿಂದ ಹಾಳೆ ಕೂರಿಸಿ ಸುತ್ತ ಸಿಲಿಕಾನ್ ಹಚ್ಚಿದೆ. ಮನೆಯ ತೊಟ್ಟಿಯಲ್ಲಿ ಚೆನ್ನಾಗಿಯೇ ನಿಂತಿತು. ಕಾಪು ದೀಪಸ್ತಂಭದ ಬಂಡೆಗಳ ಹತ್ತಿರ ಇಳಿಸಿದರೆ ಐದು ನಿಮಿಷಕ್ಕೆ ಹಾಳೆ ಎದ್ದು ಬಂತು. ಎರಡು ಕಾರಣ. ಒಂದು, ಬಕೆಟ್ಟಿನ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿಗೆ ಸಿಲಿಕಾನ್ ಕಚ್ಚಿಕೊಳ್ಳುವುದೇ ಇಲ್ಲ. ಇನ್ನೊಂದು, ನೀರು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಒಳಗೆ ಕೂರಿಸಿದ ಹಾಳೆಯನ್ನು ಅದು ಕಿತ್ತು ಎಬ್ಬಿಸುತ್ತದೆ.

ಮುಂದಿನದಕ್ಕೆ ತಳದಲ್ಲಿ ಎರಡು ಬೆರಳು ಅಂಚು ಬಿಟ್ಟು ಕತ್ತರಿಸಿದೆ. ಹಾಳೆಯನ್ನು ಹೊರಗಿನಿಂದ ಕೂರಿಸಿದೆ. ನಡುವೆ ಸ್ಕೂಟರಿನ ಹಳೇ ಟ್ಯೂಬಿನ ರಬ್ಬರ್, ಸುತ್ತ ಬೋಲ್ಟು. ಈಗ ನೀರೇ ಹಾಳೆಯನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ, ಆಳಕ್ಕೆ ಹೋದಷ್ಟೂ ಬಿಗಿ. ಬೋಲ್ಟು ಮಾತ್ರ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಸತುವಿನ ಲೇಪದ ಜಿಐ ಬೋಲ್ಟು ಒಂದೇ ತಿಂಗಳಲ್ಲಿ ತುಕ್ಕು ಹಿಡಿದು ಹಾಳೆಯ ಮೇಲೆಲ್ಲ ಕೆಂಪು ನೀರು ಸುರಿಸಿತು.

ಆಮೇಲೆ ತೇಲುವ ಕಾಟ. ದೊಡ್ಡ ಬಕೆಟ್ಟನ್ನು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಮುಳುಗಿಸಿದರೂ ಎಂಟು ಕಿಲೋ ಹತ್ತಿರ ಮೇಲಕ್ಕೆ ನೂಕುತ್ತದೆ. ಒಂದು ಕೈಯಲ್ಲಿ ಅದುಮಿ ಇನ್ನೊಂದರಲ್ಲಿ ಫೋಕಸ್ ಮಾಡಲು ಆಗುತ್ತದಾ? ಹತ್ತು ಲೀಟರಿನ ಬಕೆಟ್ಟಿಗೆ ಇಳಿದೆ. ಅಂಚಿಗೆ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಕಟ್ಟಿದೆ, ಎರಡು ಕಿಲೋ ಆಸುಪಾಸು. ಮಲ್ಪೆ ಬಂದರಿನಲ್ಲಿ ಅವನ್ನು ಕೊಟ್ಟ ಅಣ್ಣ ದುಡ್ಡೂ ತೆಗೆದುಕೊಳ್ಳಲಿಲ್ಲ, ಸುಮ್ನೆ ನೋಡಿ ನಕ್ಕರು. ಈಗ ಬಕೆಟ್ಟು ತಾನಾಗಿಯೇ ಬೇಕಾದಷ್ಟು ಮುಳುಗಿ ನಿಲ್ಲುತ್ತದೆ.

ಒಳಗೋಡೆಗೆ ಮ್ಯಾಟ್ ಕಪ್ಪು ಬಣ್ಣ ಬೇಕೇ ಬೇಕು. ಬಿಳಿ ಬಕೆಟ್ಟಿನಲ್ಲಿ ಹಾಳೆಯ ಮೇಲೆ ಗೋಡೆಯ ಪ್ರತಿಬಿಂಬವೇ ಕಾಣುತ್ತದೆ. ಇಳಿಸುವಾಗ ಓರೆಯಾಗಿ ಇಳಿಸಿ, ನೇರ ಇಳಿಸಿದರೆ ಹಾಳೆಯ ಅಡಿಗೆ ಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಬಕೆಟ್ಟಿನ ನೆರಳು ಬೀಳುವುದರಿಂದ ಹೊರಗಡೆ ನೀರೊಳಗೆ ಒಂದು ಟಾರ್ಚ್ ಇಟ್ಟುಕೊಳ್ಳುತ್ತೇನೆ. ಅದನ್ನು ಯಾವ ಕೋನದಲ್ಲಿ ಇಡುತ್ತೇನೆ, ಮುಂದೆ ಏನು ಕಟ್ಟುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅಷ್ಟು ಕಷ್ಟ ಪಟ್ಟಿದ್ದೇನೆ.

ಇನ್ನು ಸಮಯ. ಅಮಾವಾಸ್ಯೆ, ಹುಣ್ಣಿಮೆಗೆ ಇಳಿತ ದೊಡ್ಡದು ಅಂತ ಓಡಬೇಡಿ. ಆ ದಿನ ದೊಡ್ಡ ಇಳಿತ ಬರುವುದು ನಸುಕಿಗೆ ಮತ್ತು ಸಂಜೆಗೆ, ಆಗ ಪ್ರವಾಸಿ ದೋಣಿಯೇ ಇರುವುದಿಲ್ಲ. ಇಳಿತ ದಿನಕ್ಕೆ ಮುಕ್ಕಾಲು ಗಂಟೆ, ಐವತ್ತು ನಿಮಿಷ ತಡವಾಗುತ್ತದಲ್ಲ, ಅದಕ್ಕೇ ನಾನು ಮೂರು ನಾಲ್ಕು ದಿನ ಬಿಟ್ಟು ಹೋಗುತ್ತೇನೆ. ನೀರು ಅಷ್ಟೊಂದು ಇಳಿದಿರುವುದಿಲ್ಲ, ಆದರೆ ಮೊದಲ ದೋಣಿಗೆ ಹೋದರೆ ಕೆಲಸಕ್ಕೆ ಸಾಕಾಗುವಷ್ಟು ಹೊಂಡ ಸಿಗುತ್ತದೆ. ಮಳೆಗಾಲದಲ್ಲಿ ದೋಣಿ ಬಂದ್. ಅಕ್ಟೋಬರಿನಲ್ಲಿ ಹೋದರೆ ನೀರಿನ್ನೂ ಕದಡು. ಡಿಸೆಂಬರಿನಿಂದ ಫೆಬ್ರವರಿವರೆಗೆ ನನ್ನ ಸೀಸನ್. ಟಿಕೆಟ್ಟು, ಪೆಟ್ರೋಲು, ಊಟ ಸೇರಿ ಒಂದು ಸಲಕ್ಕೆ ಸಾವಿರ ದಾಟುತ್ತದೆ. ಜೀವರಕ್ಷಕರಿಗೆ ಮೊದಲೇ ಬಕೆಟ್ಟು ತೋರಿಸಿ, ಎಲ್ಲಿ ಕೂರಬಹುದು ಅಂತ ಕೇಳಿ. ಇಲ್ಲದಿದ್ದರೆ ಸೀಟಿ ಊದುತ್ತಲೇ ಇರುತ್ತಾರೆ, ಅದು ಅವರ ಕೆಲಸ.

ಮೊದಲ ಒಳ್ಳೆಯ ಚಿತ್ರ ಬಂದದ್ದು ಇದೇ ದ್ವೀಪಗುಂಪಿನ ಕೋಕನಟ್ ಐಲ್ಯಾಂಡಿನ ಒಂದು ಹೊಂಡದಲ್ಲಿ. ತಳದಲ್ಲಿ ಏಳೆಂಟು ಕಂಬಗಳ ತುದಿ. ಒಂದಕ್ಕೊಂದು ತಾಗುವ ಗೆರೆಯುದ್ದಕ್ಕೂ ಸಮುದ್ರ ಹೂಗಳು (ಹೂವಿನಂತೆ ಕಾಣುವ ಪ್ರಾಣಿ, ಸೀ ಎನಿಮೋನ್) ಸಾಲಾಗಿ ಕೂತಿದ್ದವು, ಯಾರೋ ರಂಗೋಲಿ ಎಳೆ ಎಳೆದ ಹಾಗೆ. ಕಂಬದ ನಡುಮಧ್ಯ ಬೋಳು, ಅಲ್ಲಿ ಲಿಂಪೆಟ್ ಅನ್ನುವ ಚಿಪ್ಪಿನ ಹುಳು ಮಾತ್ರ ಅಂಟಿಕೊಂಡಿತ್ತು. ಸಂದಿಯಲ್ಲಿ ಬಿಸಿಲು ಕಡಿಮೆ. ನಡುವೆ ಒಂದು ಸನ್ಯಾಸಿ ಏಡಿ ಬಂದು ಹೂವಿನ ತುದಿ ಮುಟ್ಟಿತು, ಹೂ ಒಳಗೆಳೆದುಕೊಂಡಿತು, ಏಡಿ ಸುತ್ತು ಬಳಸಿ ಹೋಯಿತು. ಅಲೆಗೆರೆ ಇಲ್ಲ, ಬಿಳುಪು ಇಲ್ಲ. ಮ್ಯಾಕ್ರೋ ಲೆನ್ಸು, ಬಕೆಟ್ಟಿನೊಳಗೆ ಒಣಗಿಯೇ ಇತ್ತು! ಆವತ್ತೇ ಗುಂಪಿಗೆ ಕಳಿಸಿದೆ. ಸ್ನಾನದ ಜೋಕು ಮಾಡಿದವರು ಬಕೆಟ್ಟಿನ ಅಳತೆ ಕೇಳಿದರು.

ಈ ಗೆರೆಗಳ ಹುಚ್ಚು ಹಿಡಿದು ಮನೆಯಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಕಾರ್ನ್‌ಫ್ಲೋರ್, ನೀರು ಸಮಸಮ ಕಲಸಿ ಗಾಜಿನ ಲೋಟಕ್ಕೆ ಸುರಿದು ಅರವತ್ತು ವ್ಯಾಟ್ ಬಲ್ಬಿನಡಿ ಇಟ್ಟೆ. ಒಂದು ವಾರದ ಹತ್ತಿರ ಹಿಡಿಯಿತು. ಒಣಗಿದ ಗಟ್ಟಿಯನ್ನು ಮುರಿದರೆ ಒಳಗೆ ಸಣ್ಣ ಸಣ್ಣ ಕಂಬಗಳು, ಅವೇ ಮೂಲೆಗಳು. ಬಲ್ಬು ದೂರ ಇಟ್ಟು ನಿಧಾನ ಒಣಗಿಸಿದರೆ ಕಂಬ ದಪ್ಪ. ಲಾವಾ ಆರುವಾಗಲೂ ಇದೇ ಲೆಕ್ಕ, ನಿಧಾನ ಆರಿದರೆ ದಪ್ಪ ಕಂಬ. ಗೋಬಿ ಮಂಚೂರಿಗೆ ಅಂತ ತಂದ ಡಬ್ಬ ಖಾಲಿಯಾದದ್ದಕ್ಕೆ ಮನೆಯಲ್ಲಿ ಸಿಕ್ಕ ಮಂಗಳಾರತಿ ಬೇರೆ.

ದ್ವೀಪದ ಈ ಕಲ್ಲನ್ನು ಡೆಕ್ಕನ್ ಟ್ರ್ಯಾಪಿನ, ಅಂದರೆ ದಖ್ಖನ್ ಪ್ರಸ್ಥಭೂಮಿಯ ಲಾವಾ ಪದರಗಳ, ಬಸಾಲ್ಟ್ ಅಂತ ಹೇಳುವವರು ಇನ್ನೂ ಇದ್ದಾರೆ. ಇದು ಸಿಲಿಕಾ ಜಾಸ್ತಿ ಇರುವ ರಯೋಲೈಟ್ ಜಾತಿಯದು, ಸುಮಾರು 8.8 ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಡೆಕ್ಕನ್ ಲಾವಾ ಬಂದದ್ದು ಎರಡು ಕೋಟಿ ವರ್ಷ ಆದ ಮೇಲೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಕಲ್ಲು ನೆಟ್ಟು ಸಾಂತಾ ಮರಿಯಾ ಅಂತ ಹೆಸರಿಟ್ಟ ಕಥೆಯನ್ನು ದೋಣಿಯವರೇ ಹೇಳುತ್ತಾರೆ. ನನಗೆ ಇದೇ ಗುಂಪಿನ ಇನ್ನೊಂದು ದ್ವೀಪ ದರಿಯಾ ಬಹದ್ದೂರ್‌ಗಡದ ಮೇಲೆ ಕುತೂಹಲ ಜಾಸ್ತಿ, ಕೆಳದಿ ನಾಯಕರ ಕಾಲದ ಕೋಟೆಯ ಕುರುಹು ಅಲ್ಲಿದೆ. ಬಕೆಟ್ಟಿಗೆ ಮಾತ್ರ ಅಲ್ಲಿ ಇನ್ನೂ ಕೆಲಸ ಸಿಕ್ಕಿಲ್ಲ.

ಬಕೆಟ್ಟನ್ನು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೂ ಒಯ್ದಿದ್ದೆ. ದೋಣಿಯ ಪಕ್ಕದಿಂದ ಇಳಿಸಿದರೆ ಹವಳ, ಗಿಳಿಮೀನು ಎಲ್ಲ ಕಣ್ಣಿಗೆ ಕಾಣುತ್ತವೆ, ಆದರೆ ಅಲೆ ಏರಿಳಿದು ಒಂದೂ ಫೋಟೋ ಬರಲಿಲ್ಲ. ಅಲ್ಲಿ ಡೈವ್ ಮಾಡುವವರದೇ ರಾಜ್ಯ. ತಲೆಯೆತ್ತಿ ಬಿಳಿಹೊಟ್ಟೆಯ ಕಡಲ ಹದ್ದು ನೋಡಿಕೊಂಡು ಬಂದೆ, ಆ ಖರ್ಚು ಅದಕ್ಕೇ ಹಾಕಿದೆ.

ಹಾಳೆಗೆ ಮರಳಿನ ಗೀರು ಬೀಳುತ್ತದೆ. ಸಣ್ಣದಾದರೆ ಟೂತ್‌ಪೇಸ್ಟ್ ಹಾಕಿ ಉಜ್ಜಿ, ಹೋಗುತ್ತದೆ. ಆದರೂ ಸೀಸನ್ನಿಗೊಂದು ಹೊಸ ಹಾಳೆ ಬೇಕು, ಇನ್ನೂರು ರೂಪಾಯಿ. ಹಾಳಾದ ಬಕೆಟ್ಟುಗಳೂ ಸೇರಿ ಇಲ್ಲಿಯವರೆಗೆ ನಾಲ್ಕು ಸಾವಿರದ ಒಳಗೇ ಮುಗಿದಿದೆ. ಮುಂದಿನದನ್ನು ಆರಿಂಚಿನ ಪಿವಿಸಿ ಪೈಪಿನಲ್ಲಿ ಮಾಡುತ್ತಿದ್ದೇನೆ, ಬಕೆಟ್ಟು ತೂರದ ಕಿರಿದಾದ ಹೊಂಡಗಳಿಗೆ. ಅದಕ್ಕೆ ಸೀಸ ಎಷ್ಟು ಬೇಕು ಅಂತ ತೊಟ್ಟಿಯಲ್ಲಿ ನೋಡುತ್ತಿದ್ದೇನೆ.