ರವಿವರ್ಮನ ಶಕುಂತಲೆಯಿಂದ ಕೊಡಗಿನ ಮೀಮ್ ಮಾಡುವ ಬಗೆ

ಭಾರತೀಯ ಶಾಸ್ತ್ರೀಯ ಚಿತ್ರಗಳಿಗೆ ಹೊಸ ಮಾತು ಬರೆದ ಮೀಮ್‌ಗಳು ಈಗ ಮಡಿಕೇರಿ, ವಿರಾಜಪೇಟೆಯ ಮನೆಗಳ ವಾಟ್ಸಾಪ್ ಗುಂಪುಗಳಲ್ಲೂ ಓಡಾಡುತ್ತಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಮಹಾನಗರದ ಆಫೀಸು, ಟ್ರಾಫಿಕ್ಕು, ಬಾಡಿಗೆ ಮನೆಯ ಸಂಗತಿಗಳನ್ನೇ ಹೇಳುತ್ತವೆ. ನಮ್ಮ ಮಳೆಯನ್ನೂ ತೋಟವನ್ನೂ ಹೇಳುವ ಮೀಮ್ ಮಾಡಲು ಒಂದು ಮೊಬೈಲ್ ಸಾಕು. ಜೊತೆಗೆ ಚಿತ್ರವನ್ನು ಓದುವ ತಾಳ್ಮೆ ಬೇಕು. ಕೆಟ್ಟ ಮೀಮ್ ಬಹುತೇಕ ಓದುವ ಹಂತದಲ್ಲೇ ಕೆಡುವುದರಿಂದ ಇಲ್ಲಿ ಹೆಚ್ಚಿನ ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ.

ರಾಜಾ ರವಿವರ್ಮನ ಶಕುಂತಲೆಯ ಚಿತ್ರವನ್ನು ಎದುರಿಗಿಟ್ಟುಕೊಳ್ಳಿ. ಸಖಿಯ ಹೆಗಲ ಮೇಲೆ ಕೈಯೂರಿ, ಒಂದು ಕಾಲನ್ನು ಮಡಚಿ ಎತ್ತಿ, ಚುಚ್ಚಿದ ಮುಳ್ಳನ್ನು ತೆಗೆಯುವವಳಂತೆ ಅವಳು ನಿಂತಿದ್ದಾಳೆ. ಮುಖ ಮಾತ್ರ ಹಿಂದಕ್ಕೆ ತಿರುಗಿದೆ. ಕಾಳಿದಾಸನ ನಾಟಕದಲ್ಲಿ ಕಾಲಿಗೆ ದರ್ಭೆ ಚುಚ್ಚಿತೆಂಬುದು ದುಷ್ಯಂತನನ್ನು ಇನ್ನೊಮ್ಮೆ ನೋಡಲು ಹೂಡಿದ ನೆಪ. ಕೈ ಒಂದು ಕೆಲಸದಲ್ಲಿದೆ, ಕಣ್ಣು ಇನ್ನೊಂದು ಕೆಲಸದಲ್ಲಿದೆ, ಚಿತ್ರದ ಜೀವವೇ ಅದು. ಇದಕ್ಕೆ 'ಮಳೆಗಾಲದಲ್ಲಿ ಜಿಗಣೆ ಹಿಡಿದಾಗ' ಎಂದು ಬರೆದರೆ ಕೊಡಗಿನವರು ಸಣ್ಣಗೆ ನಕ್ಕು ಮುಂದೆ ಹೋಗುತ್ತಾರೆ, ಏಕೆಂದರೆ ಆ ಮಾತು ಕಾಲನ್ನು ಮಾತ್ರ ನೋಡಿದೆ. 'ಜಿಗಣೆ ಕೀಳುವ ಹಾಗೆ ಮಾಡಿ ಪಕ್ಕದ ತೋಟದಲ್ಲಿ ಎಷ್ಟು ಕಾಯಿ ಕಟ್ಟಿದೆ ಅಂತ ನೋಡುವಾಗ' ಎಂದು ಬರೆದು ನೋಡಿ. ಈಗ ಕಾಲು, ಕೈ, ತಿರುಗಿದ ಕತ್ತು ಎಲ್ಲವೂ ಕೆಲಸಕ್ಕೆ ಬಂದವು; ಸಖಿಯರು ಕೂಡ ನೆಪವನ್ನು ಕಂಡೂ ಕಾಣದಂತಿರುವ ಮನೆಯವರಾದರು.

ಆದ್ದರಿಂದ ಮಾತು ಹುಡುಕುವ ಮೊದಲು ಚಿತ್ರಕ್ಕೆ ಮೂರು ಪ್ರಶ್ನೆ ಕೇಳಬೇಕು: ಕಣ್ಣು ಎಲ್ಲಿದೆ, ಕೈ ಏನು ಮಾಡುತ್ತಿದೆ, ಚಿತ್ರದಲ್ಲಿ ಕಾಣದೆ ಇರುವವರು ಯಾರು. ಮೂರನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಸಾಮಾನ್ಯವಾಗಿ ನಗೆ ಅಡಗಿರುತ್ತದೆ.

ಈ ಅಭ್ಯಾಸಕ್ಕೆ ಹಿಮಾಲಯದ ತಪ್ಪಲಿನ ಪಹಾಡಿ ಶೈಲಿಯ ಕಿರುಚಿತ್ರಗಳಲ್ಲಿ (ಮಿನಿಯೇಚರ್ ವರ್ಣಚಿತ್ರಗಳಲ್ಲಿ) ಬರುವ ಅಷ್ಟನಾಯಿಕೆಯರಿಗಿಂತ ಒಳ್ಳೆಯ ಸಾಮಗ್ರಿ ನನಗೆ ಕಂಡಿಲ್ಲ. ನಾಟ್ಯಶಾಸ್ತ್ರವು ನಾಯಿಕೆಯರನ್ನು ಅವರವರ ಸ್ಥಿತಿಗೆ ತಕ್ಕಂತೆ ಎಂಟು ಬಗೆಯಾಗಿ ವಿಂಗಡಿಸಿದೆ; ಮೀಮ್ ಮಾಡುವವರು ಟೆಂಪ್ಲೇಟ್ ಎಂದು ಕರೆಯುವುದು ಇಂಥ ಸಿದ್ಧ ಸ್ಥಿತಿಯನ್ನೇ. ಅಭಿಸಾರಿಕೆ ಕಗ್ಗತ್ತಲಲ್ಲಿ, ಮಿಂಚಿನ ಬೆಳಕಿನಲ್ಲಿ, ಕಾಲ ಬಳಿ ಹಾವು ಹರಿಯುತ್ತಿದ್ದರೂ ಹೊರಟವಳು: 'ಜುಲೈ ತಿಂಗಳು, ಕರೆಂಟಿಲ್ಲ, ರೇಂಜ್ ಹುಡುಕಿಕೊಂಡು ಗುಡ್ಡ ಹತ್ತುವಾಗ'. ವಾಸಕಸಜ್ಜೆ ಸಿಂಗರಿಸಿಕೊಂಡು ಕಾದವಳು: 'ಕೆಲಸದವರ ಜೀಪು ಈಗ ಬರುತ್ತದೆ ಎಂದು ಬೆಳಿಗ್ಗೆಯಿಂದ ಗೇಟಿನಲ್ಲಿ'. ವಿಪ್ರಲಬ್ಧೆಯ ನಲ್ಲ ಮಾತು ಕೊಟ್ಟೂ ಬರಲಿಲ್ಲ, ಅವಳು ಒಡವೆಗಳನ್ನು ಕಿತ್ತೆಸೆಯುತ್ತಿದ್ದಾಳೆ: 'ಗೋಣಿಕೊಪ್ಪದಲ್ಲಿ ಸುರಿದ ಹೂಮಳೆ ನಮ್ಮ ತೋಟದ ಗೇಟಿನವರೆಗೆ ಬಂದು ನಿಂತಾಗ'. ಫೆಬ್ರವರಿ, ಮಾರ್ಚ್‌ನಲ್ಲಿ ಗಿಡ ಹೂಬಿಡಲು ಬೇಕಾದ ಆ ಮಳೆಗಾಗಿ ಆಕಾಶ ನೋಡುತ್ತಾ ಕೂತ ಕಾಫಿ ಬೆಳೆಗಾರನಿಗೆ ಈ ಕೊನೆಯದನ್ನು ವಿವರಿಸುವ ಅಗತ್ಯವೇ ಇಲ್ಲ.

ಇನ್ನು ಚಿತ್ರ ಎಲ್ಲಿಂದ ತರಬೇಕು ಎಂಬುದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2017ರಲ್ಲಿಯೂ ಕ್ಲೀವ್‌ಲ್ಯಾಂಡ್ ವಸ್ತುಸಂಗ್ರಹಾಲಯ 2019ರಲ್ಲಿಯೂ ತಮ್ಮಲ್ಲಿರುವ ಹಕ್ಕುಮುಕ್ತ ಕೃತಿಗಳ ದೊಡ್ಡ ಚಿತ್ರಗಳನ್ನು ಯಾರು ಬೇಕಾದರೂ ಬಳಸುವಂತೆ ತೆರೆದಿಟ್ಟಿವೆ; ಪಹಾಡಿ, ಮೊಘಲ್ ಚಿತ್ರಗಳು ಅಲ್ಲಿ ಧಾರಾಳವಾಗಿವೆ. ರವಿವರ್ಮನ ಕೃತಿಗಳು ವಿಕಿಮೀಡಿಯ ಕಾಮನ್ಸ್‌ನಲ್ಲಿ ಸಿಗುತ್ತವೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕಲಾವಿದ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ರವಿವರ್ಮ 1906ರಲ್ಲಿ ತೀರಿಕೊಂಡವನಾದ್ದರಿಂದ ಅಲ್ಲಿ ತೊಡಕಿಲ್ಲ. ಜಾಮಿನಿ ರಾಯ್ 1972ರಲ್ಲಿ ತೀರಿಕೊಂಡವರಾದ್ದರಿಂದ ಅವರ ಕೃತಿಗಳನ್ನು 2032 ಮುಗಿಯುವವರೆಗೆ ಮುಟ್ಟದಿರುವುದು ಸರಿ. ಕಕ್ಕಬ್ಬೆಯ ಹತ್ತಿರದ ನಾಲ್ಕುನಾಡು ಅರಮನೆಯ ಗೋಡೆ, ಛಾವಣಿಯ ಚಿತ್ರಗಳನ್ನು ಬಳಸುವ ಆಸೆಯಿದ್ದರೆ ಅಲ್ಲಿಯವರ ಅನುಮತಿ ಕೇಳಿ, ಗೋಡೆಗೆ ನೇರವಾಗಿ ನಿಂತು, ಫ್ಲ್ಯಾಶ್ ಇಲ್ಲದೆ, ಹಗಲ ಬೆಳಕಿನಲ್ಲೇ ಫೋಟೊ ತೆಗೆಯಿರಿ. ಕೈಯಿಂದ ಗೋಡೆಯನ್ನು ಮುಟ್ಟಲೇಬಾರದು.

ಚಿತ್ರವನ್ನು ಕತ್ತರಿಸುವಾಗ ನೋಟ ಹರಿಯುವ ದಿಕ್ಕಿನಲ್ಲಿ ಜಾಗ ಬಿಡಬೇಕು. ಶಕುಂತಲೆಯ ಮುಖಕ್ಕೆ ಅಂಟಿಕೊಂಡಂತೆ ಅಂಚು ಬಂದರೆ ಅವಳು ಯಾರನ್ನೂ ನೋಡುತ್ತಿರುವಂತೆ ಕಾಣುವುದಿಲ್ಲ. ಅಗಲಕ್ಕೋ ಉದ್ದಕ್ಕೋ ಎಳೆದು ಹಿಗ್ಗಿಸಬೇಡಿ. ಸ್ಟೇಟಸ್‌ಗಾದರೆ 1080 ಅಗಲ, 1920 ಎತ್ತರದ ಪಿಕ್ಸೆಲ್ ಅಳತೆ ಇಟ್ಟುಕೊಂಡು, ಉಳಿದ ಜಾಗಕ್ಕೆ ಚಿತ್ರದ್ದೇ ಒಂದು ಮಾಸಲು ಬಣ್ಣವನ್ನು ತುಂಬಬಹುದು.

ಕನ್ನಡ ಅಕ್ಷರದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. 'ನುಡಿ', 'ಬರಹ' ಎಂಬ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ತಂದು ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಆದ್ದರಿಂದ ಯೂನಿಕೋಡ್‌ನಲ್ಲೇ ಬರೆಯಿರಿ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ ಮುಂತಾದ ಯೂನಿಕೋಡ್ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಇಂಗ್ಲಿಷ್ ಮೀಮ್‌ನಂತೆ ಬಿಳಿ ಅಕ್ಷರಕ್ಕೆ ದಪ್ಪ ಕಪ್ಪು ಅಂಚು ಕೊಟ್ಟರೆ ನಮ್ಮ ಒತ್ತಕ್ಷರಗಳು ಮುಚ್ಚಿಹೋಗಿ 'ಕ್ಕ' ಯಾವುದು 'ತ್ತ' ಯಾವುದು ತಿಳಿಯದಾಗುತ್ತದೆ. ತೆಳುವಾದ ಅಂಚು ಅಥವಾ ಅಕ್ಷರದ ಹಿಂದೆ ಒಂದು ಬಣ್ಣದ ಪಟ್ಟಿ ಸಾಕು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಷ್ಟು ಅಂತರವಿರಲಿ. ಕೆಲವು ಆ್ಯಪ್‌ಗಳು ಒತ್ತುಗಳನ್ನು ಬಿಡಿಸಿ ತೋರಿಸುವುದರಿಂದ ಸೇವ್ ಮಾಡಿದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ ನೋಡಿ.

ದೇವರ ಚಿತ್ರಗಳನ್ನು ನಾನು ಬಳಸುವುದಿಲ್ಲ, ನೀವೂ ಬಳಸಬಾರದೆಂದೇ ನನ್ನ ಬಲವಾದ ಅಭಿಪ್ರಾಯ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಬಳಿಕ ಅವನ ಲಕ್ಷ್ಮಿ, ಸರಸ್ವತಿಯರು ಅಚ್ಚಾಗಿ ದೇವರ ಕೋಣೆಗಳನ್ನು ಸೇರಿದರು; ಅಲ್ಲಿ ದೀಪ ಹಚ್ಚುವವರಿಗೆ ಅವು ಬರಿಯ ಚಿತ್ರಗಳಲ್ಲ. ಕಾವೇರಮ್ಮ, ಇಗ್ಗುತಪ್ಪನ ವಿಷಯದಲ್ಲೂ ಇದೇ ಮಾತು. ಒಂದು ಜನಾಂಗದ ಉಡುಗೆಯನ್ನೋ ಮಾತಿನ ಧಾಟಿಯನ್ನೋ ಆಡಿಕೊಳ್ಳುವ ಮೀಮ್ ಕೂಡ ಬೇಡ.

ಕೆಳಗಿನ ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಕಲಾವಿದನ ಹೆಸರು, ಕೃತಿಯ ಹೆಸರು, ತಿಳಿದಿದ್ದರೆ ವರ್ಷವನ್ನು ಬರೆಯಿರಿ: 'ರಾಜಾ ರವಿವರ್ಮ, ಹಂಸ ದಮಯಂತಿ, 1899' ಎಂಬಂತೆ. ಫಾರ್ವರ್ಡ್ ಆಗುತ್ತಾ ಹೋದ ಚಿತ್ರದ ಮೂಲವನ್ನು ಹುಡುಕುವವರಿಗೆ ಈ ಒಂದು ಸಾಲು ದಾರಿ ತೋರಿಸುತ್ತದೆ. ವಾಟ್ಸಾಪ್ ಫೋಟೊವನ್ನು ಕುಗ್ಗಿಸುವುದರಿಂದ, ಮುಂದೆ ಹಂಚಲಿರುವ ಗೆಳೆಯರಿಗೆ ಮೊದಲ ಪ್ರತಿಯನ್ನು ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಆ ಸಾಲೂ ಕಿರುಚಿತ್ರದ ಸಣ್ಣ ಗೆರೆಗಳೂ ಉಳಿಯುತ್ತವೆ.